ಸೋಲಾರ್ ಬಾಯ್ಲರ್ ಬದಲಿಸುತ್ತಿದ್ದೇನೆ: ಪೈಪಿನೊಳಗಿನ ಸುಣ್ಣಕ್ಕೆ ಏನು ಮಾಡಬೇಕು?

ನಿವೃತ್ತ ಮೇಷ್ಟ್ರು, ದಟ್ಟಗಳ್ಳಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯ ತಾರಸಿಯ ಮೇಲೆ ಹಾಕಿಸಿದ್ದ 200 ಲೀಟರಿನ, ಗಾಜಿನ ಟ್ಯೂಬುಗಳ ಸೋಲಾರ್ ವಾಟರ್ ಹೀಟರಿನ ಟ್ಯಾಂಕು ಈಗ ಬೆಸುಗೆಯ ಬಳಿ ಸೋರುತ್ತಿದೆ. ಸೋರುವುದಕ್ಕೆ ಎರಡು ವರ್ಷ ಮೊದಲಿನಿಂದಲೇ ಬಿಸಿನೀರಿನ ನಲ್ಲಿಯಲ್ಲಿ ಮೊಟ್ಟೆಯ ಸಿಪ್ಪೆಯ ಚೂರುಗಳಂತಹ ಬಿಳಿಯ ಹಕ್ಕಳೆ ಬರುತ್ತಿತ್ತು. ಷವರಿನ ತೂತುಗಳು ಮೇಲಿಂದ ಮೇಲೆ ಮುಚ್ಚಿಹೋಗುತ್ತಿದ್ದವು. ಬಿಸಿಲು ಚೆನ್ನಾಗಿದ್ದ ದಿನವೂ ನೀರು ಉಗುರುಬೆಚ್ಚಗೆ ಮಾತ್ರ ಇರುತ್ತಿತ್ತು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಾಲದೆ ಬಂದಾಗ ಬೋರ್ ನೀರನ್ನೂ ಅದೇ ಸಂಪಿಗೆ ಬಿಡುತ್ತೇವೆ.

ಮ್ಯಾಂಚೆಸ್ಟರಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಗ್ಯಾಸ್ ಬಾಯ್ಲರನ್ನು ಬದಲಿಸಿದರು. ಹೊಸದನ್ನು ಜೋಡಿಸುವ ಮೊದಲು ಕೆಲಸದವರು ಮನೆಯ ಪೈಪು, ರೇಡಿಯೇಟರುಗಳನ್ನೆಲ್ಲ ಯಂತ್ರದಿಂದ ತೊಳೆದು, ಅಯಸ್ಕಾಂತದ ಫಿಲ್ಟರೊಂದನ್ನು ಕೂಡಿಸಿ, ನೀರಿಗೆ ಇನ್‌ಹಿಬಿಟರ್ ಎಂಬ, ತುಕ್ಕು ತಡೆಯುವ ರಾಸಾಯನಿಕವನ್ನು ಬೆರೆಸಿದರಂತೆ. ತೊಳೆದಾಗ ಹೊರಬಂದ ನೀರು ಇದ್ದಿಲಿನಷ್ಟು ಕಪ್ಪಗಿತ್ತಂತೆ. ನಮ್ಮ ಮನೆಗೂ ಹಾಗೆಯೇ ಮಾಡಿಸಿದರೆ ಹೊಸ ಟ್ಯಾಂಕು ಬಹುಕಾಲ ಬಾಳುತ್ತದೆ ಎಂದು ಅವಳ ಸಲಹೆ. ಇದು ನಮ್ಮಲ್ಲಿಯೂ ಸಲ್ಲುತ್ತದೆಯೇ? ಹಳೆಯ ಬಿಸಿನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಉಳಿಸಿಕೊಳ್ಳಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕುವೆಂಪುನಗರ ನಿವಾಸಿ, ಮೊದಲು ಬ್ರಿಟನ್ನಿನಲ್ಲಿ ಕಟ್ಟಡ ಸೇವೆಗಳ ಎಂಜಿನಿಯರ್:

ಸರ್, ನಿಮ್ಮ ಮಗಳ ಮನೆಯಲ್ಲಿ ಮಾಡಿದ ಕೆಲಸ ಅವರ ಮನೆಗೆ ಸಂಪೂರ್ಣವಾಗಿ ಸರಿ. ಆದರೆ ಅದು ನಿಮ್ಮ ಮನೆಗೆ ಹೊಂದುವುದಿಲ್ಲ. ಇನ್‌ಹಿಬಿಟರನ್ನಂತೂ ಸ್ನಾನದ ನೀರು ಹಾದುಹೋಗುವ ಟ್ಯಾಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ, ಅದು ಮೈಗೆ ಬೀಳುವ, ಬಾಯಿಗೆ ಹೋಗುವ ನೀರಿಗಾಗಿ ತಯಾರಾದ ವಸ್ತುವಲ್ಲ.

ಅಲ್ಲಿ ಮನೆಯನ್ನು ಬೆಚ್ಚಗಿಡುವ ನೀರು ಮುಚ್ಚಿದ ಸುತ್ತಿನಲ್ಲಿ ಓಡಾಡುತ್ತದೆ. ಬಾಯ್ಲರಿನಲ್ಲಿ ಕಾದ ನೀರು ಕೋಣೆಗಳ ರೇಡಿಯೇಟರುಗಳಿಗೆ ಹೋಗಿ, ಅಲ್ಲಿ ಬಿಸಿಯನ್ನು ಬಿಟ್ಟು, ಮತ್ತೆ ಬಾಯ್ಲರಿಗೇ ಬರುತ್ತದೆ. ಅದೇ ನೀರು ವರ್ಷಾನುಗಟ್ಟಲೆ ಸುತ್ತುವುದರಿಂದ ಅದರಲ್ಲಿದ್ದ ಅಷ್ಟಿಷ್ಟು ಸುಣ್ಣ ಒಮ್ಮೆ ಕಟ್ಟಿಕೊಂಡರೆ ಮುಗಿಯಿತು, ಹೊಸದಾಗಿ ಬರುವುದಿಲ್ಲ. ಅಲ್ಲಿನ ತೊಂದರೆ ತುಕ್ಕಿನದು. ರೇಡಿಯೇಟರುಗಳು ಉಕ್ಕಿನವು. ಸಂದುಗಳಿಂದ ಆಮ್ಲಜನಕ ಒಳಸೇರಿದರೆ ಉಕ್ಕು ಸವೆದು ಮ್ಯಾಗ್ನೆಟೈಟ್ ಎಂಬ ಕಪ್ಪು ಕಿಟ್ಟವಾಗುತ್ತದೆ. ಮಗಳು ಕಂಡ ಕಪ್ಪು ನೀರು ಅದೇ. ಅದು ರೇಡಿಯೇಟರಿನ ತಳದಲ್ಲಿ ಕೂತರೆ ಮೇಲ್ಭಾಗ ಬಿಸಿಯಾಗಿದ್ದು ಕೆಳಭಾಗ ತಣ್ಣಗಿರುತ್ತದೆ; ಹೊಸ ಬಾಯ್ಲರಿನ ಕಿರಿದಾದ ಹಾದಿಗಳಿಗೆ ನುಗ್ಗಿದರೆ ಬಾಯ್ಲರೇ ಕೆಡುತ್ತದೆ. ಆ ಕಿಟ್ಟವನ್ನು ಅಯಸ್ಕಾಂತ ಸೆಳೆಯುವುದರಿಂದ ಅಂತಹ ಫಿಲ್ಟರು ಅಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. ಬ್ರಿಟನ್ನಿನ ಬಿಎಸ್ 7593 ಎಂಬ ಸಂಹಿತೆಯ 2019ರ ಆವೃತ್ತಿಯು ತೊಳೆಯುವುದು, ಇನ್‌ಹಿಬಿಟರ್ ಬೆರೆಸುವುದು, ಫಿಲ್ಟರು ಕೂಡಿಸುವುದು ಇವು ಮೂರನ್ನೂ ಹೇಳುತ್ತದೆ; ಇನ್‌ಹಿಬಿಟರಿನ ಪ್ರಮಾಣವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ ಹೇಳುತ್ತದೆ. ಮಗಳಿಗೆ ಈ ವಾರ್ಷಿಕ ಪರೀಕ್ಷೆಯನ್ನು ನೆನಪಿಸಿ, ಏಕೆಂದರೆ ಬಹಳ ಮನೆಗಳಲ್ಲಿ ಅದನ್ನೇ ಮರೆಯುತ್ತಾರೆ. ಅಲ್ಲಿಯೂ ನಲ್ಲಿಯ ಬಿಸಿನೀರು ಈ ಸುತ್ತಿನ ನೀರಲ್ಲ. ಎರಡೂ ಬೇರೆ ಬೇರೆ ಹಾದಿಯಲ್ಲಿ ಹರಿಯುತ್ತವೆ, ನಡುವೆ ಲೋಹದ ಗೋಡೆಯಿರುತ್ತದೆ.

ಮ್ಯಾಂಚೆಸ್ಟರಿಗೆ 1894ರಿಂದಲೂ ಥರ್ಲ್‌ಮಿಯರ್ ಸರೋವರದ ಮೆದು ನೀರು ಬರುತ್ತಿದೆ. ಹಾಗಾಗಿ ನಿಮ್ಮ ಮಗಳು ಬಿಳಿಯ ಹಕ್ಕಳೆಯನ್ನು ಕಂಡಿರುವ ಸಂಭವವೇ ಕಡಿಮೆ. ನಿಮ್ಮ ತಾರಸಿಯ ಟ್ಯಾಂಕಿಗಾದರೋ ದಿನವೂ ಹೊಸ ನೀರು ಹೊಸ ಸುಣ್ಣವನ್ನು ಹೊತ್ತುಕೊಂಡು ಬರುತ್ತದೆ. ಸುತ್ತುವ ನೀರಿನ ಮದ್ದು ಹಾದುಹೋಗುವ ನೀರಿಗೆ ನಾಟುವುದಿಲ್ಲ. ಸುಣ್ಣದ ವಿಷಯದಲ್ಲಿ ನನಗಿಂತ ಹೆಚ್ಚು ಅನುಭವವಿರುವವರು ಮಂಡ್ಯದ ಕಡೆಯವರು, ಅವರು ಬರೆಯಲಿ.

ಸೋಲಾರ್ ಕೆಲಸದವನು, ಮಂಡ್ಯ:

ಮೇಷ್ಟ್ರೇ, ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಾನು ಬಿಚ್ಚಿದ ಹಳೆಯ ಟ್ಯಾಂಕುಗಳಲ್ಲಿ ಹೆಚ್ಚಿನವು ಬೋರ್ ನೀರಿನಿಂದಲೇ ಹಾಳಾದವು, ಆದ್ದರಿಂದ ಟ್ಯಾಂಕಿನ ವಿಚಾರಕ್ಕೆ ಮೊದಲು ನೀರಿನ ವಿಚಾರವನ್ನು ಬಗೆಹರಿಸಿಕೊಳ್ಳಿ. ನಲ್ಲಿ ನೀರು, ಬೋರ್ ನೀರು, ಸಂಪಿನ ನೀರು ಮೂರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕೊಟ್ಟು ಗಡಸುತನವನ್ನೂ (ನೀರಿನಲ್ಲಿ ಕರಗಿರುವ ಸುಣ್ಣದಂಶ) ಕ್ಲೋರೈಡನ್ನೂ ಪರೀಕ್ಷೆ ಮಾಡಿಸಿ. ಟಿಡಿಎಸ್ ಮೀಟರಿನ ಅಂಕಿಯೊಂದೇ ಸಾಲದು, ಅದು ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆಯೇ ಹೊರತು ಸುಣ್ಣವೆಷ್ಟೆಂದು ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನೂ, ಬೇರೆ ನೀರಿನ ಮೂಲವಿಲ್ಲದಾಗ 600ರ ಮಿತಿಯನ್ನೂ ಇಟ್ಟಿದೆ. ಆದರೆ ಅದು ಕುಡಿಯುವವರಿಗೆ ಹೇಳಿದ ಮಾತು. ಕಾಯಿಸುವ ಟ್ಯಾಂಕಿಗೆ 600 ಎಂದರೆ ಕಷ್ಟವೇ ಸರಿ.

ಒಂದು ಲೆಕ್ಕ ಹಾಕಿ ನೋಡಿ. ಗಡಸುತನ 400 ಇರುವ ನೀರನ್ನು ದಿನಕ್ಕೆ 200 ಲೀಟರಿನಂತೆ ಕಾಯಿಸಿದರೆ ದಿನಕ್ಕೆ 80 ಗ್ರಾಂ, ವರ್ಷಕ್ಕೆ 29 ಕಿಲೋದಷ್ಟು ಸುಣ್ಣ ನಿಮ್ಮ ಟ್ಯಾಂಕನ್ನು ಹಾದುಹೋಗುತ್ತದೆ. ಅದರ ನೂರರಲ್ಲೊಂದು ಪಾಲು ಒಳಗೆ ಕೂತರೂ ವರ್ಷಕ್ಕೆ ಸುಮಾರು 300 ಗ್ರಾಂ ಆಯಿತು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕಾರ್ಬೊನೇಟಾಗಿ ಗೋಡೆಗೆ ಅಂಟಿಕೊಳ್ಳುತ್ತದೆ; 60 ಡಿಗ್ರಿ ದಾಟಿದ ಮೇಲೆ ಈ ಕೆಲಸ ಬಿರುಸಾಗುತ್ತದೆ. ನಮ್ಮ ಅಜ್ಜಿಯರು ಬಚ್ಚಲ ಹಂಡೆಯ ಒಳಗನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದದ್ದು ಇದನ್ನೇ ತೆಗೆಯಲು. ಹಂಡೆಗೆ ಕೈ ಹೋಗುತ್ತಿತ್ತು, ಸೋಲಾರ್ ಟ್ಯಾಂಕಿನೊಳಕ್ಕೆ ಹೋಗುವುದಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಎರಡು ನೀರನ್ನು ಬೇರ್ಪಡಿಸುವುದು. ತಾರಸಿಯಲ್ಲಿ 500 ಲೀಟರಿನ ಸಣ್ಣ ಟ್ಯಾಂಕೊಂದನ್ನು ಕಾವೇರಿ ನೀರಿಗಾಗಿಯೇ ಇಟ್ಟು, ಅದರಿಂದ ಸೋಲಾರಿಗೂ ಅಡುಗೆಮನೆಗೂ ಮಾತ್ರ ಲೈನ್ ಕೊಡಿ. ಶೌಚಾಲಯಕ್ಕೂ ಗಿಡಗಳಿಗೂ ಬೋರ್ ನೀರು ಸಾಕು. ಈ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಸೋಲಾರ್ ಟ್ಯಾಂಕು ಪೂರ್ತಿ ತುಂಬದೆ ಗಾಳಿ ಸೇರುತ್ತದೆ.

ಟ್ಯಾಂಕಿನ ಬಗ್ಗೆ ಹೇಳುವುದಾದರೆ, ಬೆಸುಗೆಯ ಬಳಿಯೇ ಸೋರಿದೆ ಎಂದಿರಿ. ಕ್ಲೋರೈಡ್ ಹೆಚ್ಚಿರುವ ನೀರಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಬೆಸುಗೆಯ ಸುತ್ತ ಸೂಜಿಮೊನೆಯಷ್ಟು ತೂತು ಬೀಳುವುದು ಸಾಮಾನ್ಯ. 316 ಎಲ್ ದರ್ಜೆಯಲ್ಲಿ ಮಾಲಿಬ್ಡಿನಮ್ ಬೆರೆತಿರುವುದರಿಂದ ಅದು ಹೆಚ್ಚು ತಾಳುತ್ತದೆ. ಗಾಜಿನ ಲೇಪನದ ಟ್ಯಾಂಕೂ ಒಳ್ಳೆಯದೇ, ಆದರೆ ಅದರೊಳಗಿನ ಮೆಗ್ನೀಸಿಯಂ ಆನೋಡ್ ಎಂಬ ಲೋಹದ ಕಡ್ಡಿ ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಬೇಕು. ನೋಡುವವರಿಲ್ಲದ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಗಡಸು ನೀರಿಗೆ ಫ್ಲಾಟ್ ಪ್ಲೇಟಿಗಿಂತ (ಚಪ್ಪಟೆ ತಟ್ಟೆಯ ಸೋಲಾರ್) ಗಾಜಿನ ಟ್ಯೂಬೇ ಅನುಕೂಲ. ಫ್ಲಾಟ್ ಪ್ಲೇಟಿನ ಸಣ್ಣ ತಾಮ್ರದ ಕೊಳವೆಗಳು ಒಮ್ಮೆ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ, ಟ್ಯೂಬುಗಳನ್ನು ಒಂದೊಂದಾಗಿ ತೆಗೆದು ತೊಳೆಯಬಹುದು. ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೆಯದೆ ಬಿಸಿಯನ್ನು ಮಾತ್ರ ದಾಟಿಸುವ ಭಾಗ) ಇರುವ ಫ್ಲಾಟ್ ಪ್ಲೇಟ್ ಮಾತ್ರ ಬೇರೆ. ಅದರ ತಟ್ಟೆಯೊಳಗೆ ಮೇಲಿನ ಸರ್ ಹೇಳಿದಂತೆ ಒಂದೇ ನೀರು ಸುತ್ತುತ್ತದೆ, ಬೆಲೆಯೂ ಹೆಚ್ಚು.

ಹಳೆಯ ಜಿಐ ಪೈಪುಗಳನ್ನು ಉಳಿಸಿಕೊಳ್ಳಬೇಡಿ. ಒಂದು ಮೊಳ ಕತ್ತರಿಸಿ ನೋಡಿದರೆ ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲಿನಷ್ಟು ದಾರಿ ಉಳಿದಿರುವುದು ನಿಮಗೇ ಕಾಣಬಹುದು. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್ ಪೈಪು) ಹಾಕಿಸಿ. ತಣ್ಣೀರಿನ ಯುಪಿವಿಸಿ ಪೈಪನ್ನು ಬಿಸಿನೀರಿಗೆ ಬಳಸಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಬಿಸಿಗೆ ಬಾಗುತ್ತದೆ. ಹೊಸ ಲೈನಿಗೆ ಟ್ಯಾಂಕನ್ನು ಜೋಡಿಸುವ ಮೊದಲು ಎಲ್ಲ ನಲ್ಲಿಗಳ ಮೂತಿಯನ್ನು ಬಿಚ್ಚಿ ಐದು ನಿಮಿಷ ನೀರನ್ನು ರಭಸವಾಗಿ ಬಿಡಿ. ಗೋಡೆ ಕೊರೆದ ಪುಡಿ, ಪೈಪು ಅಂಟಿಸುವ ಸಲ್ಯೂಷನ್ನಿನ ಚೂರು ಎಲ್ಲವೂ ಆಗ ಹೊರಗೆ ಹೋಗುತ್ತವೆ.

ಗೃಹಿಣಿ, ಶ್ರೀರಂಗಪಟ್ಟಣ ತಾಲ್ಲೂಕು:

ಸರ್, ನಮಗೆ ನದಿ ಹತ್ತಿರವಿದ್ದರೂ ಮನೆಗೆ ಬೋರ್ ನೀರೇ ಗತಿ. ನಾವು ಉಪ್ಪು ಹಾಕುವ ಸಾಫ್ಟ್‌ನರ್ ಇಟ್ಟು ಐದು ವರ್ಷವಾಯಿತು, ಹಕ್ಕಳೆ ನಿಂತಿದೆ. ಅದು ಸುಣ್ಣವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಮ್ಮನ್ನು ನೀರಿಗೆ ಬಿಡುತ್ತದೆ. ಅದನ್ನು ತೊಳೆದ ಉಪ್ಪುನೀರನ್ನು ತಿಳಿಯದೆ ಕರಿಬೇವಿನ ಬುಡಕ್ಕೆ ಬಿಟ್ಟು ಗಿಡವನ್ನು ಕಳೆದುಕೊಂಡೆವು, ಅದನ್ನು ನೆನಪಿಡಿ.

ಇನ್ನೊಂದು ವಿಷಯವನ್ನು ನೊಂದು ಹೇಳುತ್ತಿದ್ದೇನೆ. ನಮ್ಮ ಮೊದಲ ಟ್ಯಾಂಕನ್ನು ಸ್ವಚ್ಛ ಮಾಡಲು ಬಂದವನು ಬಚ್ಚಲು ತೊಳೆಯುವ ಆಸಿಡನ್ನೇ ಒಳಗೆ ಸುರಿದ. ಸುಣ್ಣವೇನೋ ಕರಗಿತು, ಆದರೆ ಮೂರೇ ತಿಂಗಳಲ್ಲಿ ಟ್ಯಾಂಕು ಸೋರಿತು. ಮಿಕ್ಕ ಆಸಿಡನ್ನು ಬ್ಲೀಚಿಂಗ್ ಪೌಡರ್ ಹಾಕಿದ್ದ ಬಚ್ಚಲಿಗೆ ಚೆಲ್ಲಿದಾಗ ಎದ್ದ ಹೊಗೆಗೆ ನಮ್ಮ ಅತ್ತೆಯವರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು.

ಸೋಲಾರ್ ಕೆಲಸದವನು, ಮಂಡ್ಯ:

ಅಕ್ಕ ಬರೆದದ್ದು ಬಹಳ ಮುಖ್ಯ. ಆ ಆಸಿಡಿನಲ್ಲಿರುವ ಕ್ಲೋರೈಡೇ ಸ್ಟೀಲನ್ನು ತಿನ್ನುವುದು, ಬ್ಲೀಚಿಂಗ್ ಪೌಡರಿಗೆ ತಾಗಿದರೆ ಏಳುವುದು ವಿಷಗಾಳಿ. ನಾನು ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಮಾತ್ರ ಬಳಸುತ್ತೇನೆ: ಲೀಟರಿಗೆ 50 ಗ್ರಾಂ ಕರಗಿಸಿ, ತೆಗೆದ ಟ್ಯೂಬುಗಳಲ್ಲಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಉದ್ದನೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತೇನೆ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ, ಆದ್ದರಿಂದ ಮರುಜೋಡಣೆಯನ್ನು ಬಿಸಿಲೇರುವ ಮೊದಲೇ ಮುಗಿಸಬೇಕು.

ನಿವೃತ್ತ ಮೇಷ್ಟ್ರು, ದಟ್ಟಗಳ್ಳಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರೀಕ್ಷೆಯ ವರದಿ ಬಂದಿದೆ: ಗಡಸುತನ ಬೋರಿನಲ್ಲಿ 610, ಸಂಪಿನಲ್ಲಿ 390, ಕಾವೇರಿ ನಲ್ಲಿಯಲ್ಲಿ 110. ಇಷ್ಟು ವರ್ಷ ಒಳ್ಳೆಯ ನೀರನ್ನು ನಾನೇ ಕೈಯಾರೆ ಕೆಡಿಸಿ ಕಾಯಿಸುತ್ತಿದ್ದೆನೆಂದು ಈಗ ತಿಳಿಯಿತು. ಕಾವೇರಿ ನೀರಿಗೆ ಬೇರೆ ಟ್ಯಾಂಕು, 316 ಎಲ್ ಟ್ಯಾಂಕಿನ ಟ್ಯೂಬ್ ಸೋಲಾರ್, ಸಿಪಿವಿಸಿ ಲೈನು ಎಂದು ನಿಶ್ಚಯಿಸಿದ್ದೇನೆ. ಹೀಗಿರುವಾಗ ಸಾಫ್ಟ್‌ನರ್ ಬೇಕಾಗುತ್ತದೆಯೇ? ಟ್ಯಾಂಕನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಸೋಲಾರ್ ಕೆಲಸದವನು, ಮಂಡ್ಯ:

110 ಇರುವ ನೀರಿಗೆ ಸಾಫ್ಟ್‌ನರ್ ಬೇಡ ಮೇಷ್ಟ್ರೇ, ಆ ಹಣವನ್ನು ಒಳ್ಳೆಯ ಟ್ಯಾಂಕಿಗೆ ಹಾಕಿ. ಆರು ತಿಂಗಳಿಗೊಮ್ಮೆ ಬೆಳಗಿನ ಹೊತ್ತು ತಳದ ಡ್ರೈನ್ ವಾಲ್ವ್ ತೆರೆದು ಎರಡು ಬಕೆಟ್ ನೀರನ್ನು ಬಿಳಿಯ ಬಟ್ಟೆಯ ಮೇಲೆ ಬಿಡಿ. ಬಟ್ಟೆಯ ಮೇಲೆ ಚೂರುಗಳು ನಿಂತರೆ ಮಾತ್ರ ಟ್ಯೂಬು ಬಿಚ್ಚಿ ತೊಳೆಸಿ. ಡ್ರೈನ್ ವಾಲ್ವನ್ನು ಕೈಗೆಟಕುವ ಕಡೆ ಇಡಲು ಜೋಡಿಸುವ ದಿನವೇ ನಿಂತು ಹೇಳಿ, ಆಮೇಲೆ ಅದನ್ನು ಸರಿಪಡಿಸಲು ಯಾರೂ ಬರುವುದಿಲ್ಲ.