ಅಮ್ಮನ ಬಾಯಿಯ ಬಿಳಿ ಹೋಗುತ್ತಿಲ್ಲ, ನಿಸ್ಟಾಟಿನ್ ಹಾಕುವ ರೀತಿ ಗೊತ್ತಿದ್ದವರು ಹೇಳಿ

ಡೊಂಬಿವಲಿಯಿಂದ ಕೇಳಿದವರು:

ಅಮ್ಮನಿಗೆ 72 ವರ್ಷ. ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಶುಗರ್ ಇದೆ. ದಮ್ಮಿಗೆ ಎರಡು ಹೊತ್ತು ಇನ್ಹೇಲರ್ ಎಳೆದುಕೊಳ್ಳುತ್ತಾರೆ. ಮೇಲಿನ ಸಾಲಿಗೆ ಕಟ್ಟಿಸಿದ ಹಲ್ಲು. ಹದಿನೈದು ದಿನದಿಂದ ನಾಲಿಗೆ ಮೇಲೆ, ಕೆನ್ನೆಯ ಒಳಗೆ ಮೊಸರು ಮೆತ್ತಿದ ಹಾಗೆ ಬೆಳ್ಳಗಾಗಿದೆ. ನಾಲಿಗೆಗೆ ಅಗ್ರ ಬಂದಿದೆ ಅಂತ ಮೊದಲು ಸುಮ್ನೆ ಇದ್ದೆವು. ಆಮೇಲೆ ಅನ್ನ ಸಾರು ಕೂಡ ಉರಿಯುತ್ತದೆ ಅಂತ ತಟ್ಟೆ ಸರಿಸಲು ಶುರು ಮಾಡಿದರು. ಡಾಕ್ಟರ್ ನೋಡಿ ಇದು ಥ್ರಶ್, ಕ್ಯಾಂಡಿಡಾ ಅನ್ನುವ ಫಂಗಸ್ ಅಂದರು. ನಿಸ್ಟಾಟಿನ್ ದ್ರವ ಬರೆದುಕೊಟ್ಟರು. 5 ಮಿ.ಲೀ., ದಿನಕ್ಕೆ ನಾಲ್ಕು ಸಲ.

ಇವತ್ತಿಗೆ ಐದು ದಿನ ಆಯಿತು. ಏನೂ ಫರಕು ಕಾಣುತ್ತಿಲ್ಲ. ನಾನು ಬೆಳಿಗ್ಗೆ ಏಳಕ್ಕೆಲ್ಲ ಲೋಕಲ್ ಹಿಡಿಯಬೇಕು, ಬರುವುದು ರಾತ್ರಿ ಎಂಟಕ್ಕೆ. ಅಮ್ಮ ತಾವೇ ತೆಗೆದುಕೊಳ್ಳುತ್ತಾರೆ. ಔಷಧಿಯೇ ಸರಿ ಇಲ್ಲವಾ, ನಾವು ತೆಗೆದುಕೊಳ್ಳುವ ರೀತಿ ತಪ್ಪಾ? ಮನೆಯಲ್ಲಿ ಯಾರಿಗಾದರೂ ಇದು ಬಂದು ವಾಸಿಯಾಗಿದ್ದರೆ ದಯವಿಟ್ಟು ಬರೆಯಿರಿ. ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ, ನೋಡಲು ಆಗುತ್ತಿಲ್ಲ.

ಮುಲುಂಡ್‌ನಿಂದ:

ನಿಮ್ಮ ಮಾತು ಓದಿದ ಕೂಡಲೇ ಕೇಳಬೇಕು ಅನಿಸಿದ್ದು ಒಂದೇ. ಅಮ್ಮ ಅದನ್ನು ಕೆಮ್ಮಿನ ಸಿರಪ್ ಥರ ಗುಟುಕ್ಕಂತ ನುಂಗಿಬಿಡುತ್ತಿದ್ದಾರಾ? ನಮ್ಮ ಮಾವ ಹೋದ ವರ್ಷ ಹಾಗೇ ಮಾಡುತ್ತಿದ್ದರು. ಚಮಚಕ್ಕೆ ಹಾಕುವುದು, ನುಂಗುವುದು, ಹಿಂದೆಯೇ ಒಂದು ಲೋಟ ನೀರು. ಒಂದು ವಾರ ಔಷಧಿಯೂ ದಂಡ, ನೋವೂ ಹಾಗೇ ಇತ್ತು. ಮತ್ತೆ ತೋರಿಸಲು ಹೋದಾಗ ಡಾಕ್ಟರ್ ಬಿಡಿಸಿ ಹೇಳಿದರು. ನಾವು ನುಂಗುವ ಬೇರೆ ಮಾತ್ರೆಗಳು ಹೊಟ್ಟೆಯಿಂದ ರಕ್ತಕ್ಕೆ ಸೇರಿ, ಅಲ್ಲಿಂದ ಬೇಕಾದ ಜಾಗಕ್ಕೆ ಹೋಗುತ್ತವೆ. ನಿಸ್ಟಾಟಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಫಂಗಸ್‌ಗೆ ನೇರವಾಗಿ ತಾಗಿದರೆ ಮಾತ್ರ ಕೊಲ್ಲುತ್ತದೆ. ಎಷ್ಟು ಹೊತ್ತು ಬಾಯಲ್ಲಿ ಇತ್ತೋ ಅಷ್ಟೇ ಕೆಲಸ.

ಅವತ್ತಿನಿಂದ ಹೀಗೆ ಮಾಡಿದೆವು. ಮಾವ ನೆಟ್ಟಗೆ ಕುರ್ಚಿಯಲ್ಲಿ ಕೂರುವುದು. ಅರ್ಧ ಡೋಸ್ ಬಲಗೆನ್ನೆಗೆ, ಅರ್ಧ ಎಡಗೆನ್ನೆಗೆ. ಬಾಯಿ ಮುಚ್ಚಿ ನಿಧಾನಕ್ಕೆ ಮುಕ್ಕಳಿಸುವುದು. ನಾಲಿಗೆಯ ಕೆಳಗೆ, ವಸಡಿನ ಹಿಂದೆ, ಅಂಗುಳದವರೆಗೆ ಎಲ್ಲ ಕಡೆ ಓಡಾಡಿಸುವುದು. ತಲೆಯನ್ನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ವಾಲಿಸುವುದು. ನಾನು ಎದುರಿಗೆ ಮೊಬೈಲ್‌ನಲ್ಲಿ ಮೂರು ನಿಮಿಷ ಇಟ್ಟುಕೊಂಡು ಕೂರುತ್ತಿದ್ದೆ. ಮೊದಲ ದಿನ ಒಂದೇ ನಿಮಿಷಕ್ಕೆ ಕೈ ಆಡಿಸಿ ಆಗಲ್ಲ ಅಂದರು. ಮೂರನೇ ದಿನ ಅಭ್ಯಾಸ ಆಯಿತು. ಆಮೇಲೆ ನುಂಗಬೇಕು. ಗಂಟಲಿನ ಹಿಂಭಾಗಕ್ಕೂ ತಾಗಲಿ ಅಂತ ನಮ್ಮ ಡಾಕ್ಟರ್ ನುಂಗಲು ಹೇಳಿದ್ದರು. ನಿಮ್ಮವರು ಉಗುಳಲು ಹೇಳಿದ್ದರೆ ಹಾಗೇ ಮಾಡಿ.

ಆಮೇಲೆ ಅರ್ಧ ಗಂಟೆ ನೀರೂ ಇಲ್ಲ, ಊಟವೂ ಇಲ್ಲ. ಇದು ತುಂಬಾ ಕಷ್ಟ ಆಯಿತು. ಮಾವನಿಗೆ ಔಷಧಿ ಆದ ಕೂಡಲೇ ಬಾಯಿ ರುಚಿ ಕೆಟ್ಟಿತು ಅಂತ ಚಹಾ ಬೇಕು. ಕೊನೆಗೆ ಕ್ರಮವನ್ನೇ ತಿರುಗಿಸಿದೆವು. ಚಹಾ ತಿಂಡಿ ಮೊದಲು, ಬಾಯಿ ತೊಳೆದು ಔಷಧಿ ಆಮೇಲೆ. ರಾತ್ರಿಯ ಡೋಸ್ ಮಾತ್ರ ಹಲ್ಲುಜ್ಜಿ, ಎಲ್ಲ ಮುಗಿಸಿ, ಮಲಗುವ ಮುಂಚೆ.

ಡೊಂಬಿವಲಿಯಿಂದ ಕೇಳಿದವರು:

ಅಮ್ಮನನ್ನು ಈಗಷ್ಟೇ ಕೇಳಿದೆ. ಹೌದು, ಸಿರಪ್ ಥರಾನೇ ನುಂಗುತ್ತಿದ್ದರು. ಮೇಲೆ ನೀರು ಬೇರೆ. ನಾನು ಮೊದಲ ದಿನವೇ ಎದುರಿಗೆ ಕೂತು ನೋಡಬೇಕಿತ್ತು.

ಮಾಟುಂಗಾದಿಂದ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು:

ಒಂದು ಕೆಲಸ ಮಾಡಿ. ಬಾಟಲಿಯನ್ನು ಅಲ್ಲಾಡಿಸದೆ ಹಾಗೇ ಎತ್ತಿ ಬೆಳಕಿಗೆ ಹಿಡಿದು ನೋಡಿ. ಅಡಿಯಲ್ಲಿ ಏನು ಕಾಣುತ್ತದೆ?

ಡೊಂಬಿವಲಿಯಿಂದ ಕೇಳಿದವರು:

ಅಡಿಯಲ್ಲಿ ಒಂದು ಬೆರಳು ದಪ್ಪ ಹಳದಿ ಗಸಿ ಕೂತಿದೆ. ಮೇಲೆ ತೆಳು ನೀರು. ಅಮ್ಮನಿಗೆ ಮುಚ್ಚಳ ಬಿಗಿ, ಅದಕ್ಕೇ ಸಡಿಲವಾಗಿ ಮುಚ್ಚಿಡುತ್ತಾರೆ. ಚೆಲ್ಲುತ್ತದೆ ಅಂತ ಕುಲುಕುವುದಿಲ್ಲವಂತೆ.

ಮಾಟುಂಗಾದಿಂದ:

ಹಾಗಾದರೆ ಐದು ದಿನದಿಂದ ಅಮ್ಮನ ಹೊಟ್ಟೆಗೆ ಹೋಗಿದ್ದು ಜಾಸ್ತಿ ಮೇಲಿನ ತಿಳಿ. ಸಾರಿನ ಪಾತ್ರೆಗೆ ಸೌಟು ಆಡಿಸದೆ ಬಡಿಸಿದರೆ ಬೇಳೆಯೆಲ್ಲ ಅಡಿಯಲ್ಲೇ ಉಳಿಯುತ್ತದೆ, ಅಲ್ವಾ? ಇದೂ ಅಷ್ಟೇ. ಈ ಔಷಧಿ ನೀರಿನಲ್ಲಿ ಕರಗುವುದಿಲ್ಲ. ಪುಡಿ ನೀರಿನಲ್ಲಿ ತೇಲಿಕೊಂಡು ಇರುತ್ತದೆ, ಇಟ್ಟಲ್ಲೇ ಕೂತುಬಿಡುತ್ತದೆ. ಸಾಮಾನ್ಯವಾಗಿ ಒಂದು ಮಿ.ಲೀ.ಗೆ 1 ಲಕ್ಷ ಯೂನಿಟ್ ಇರುತ್ತದೆ, ಆದರೆ ಆ ಲೆಕ್ಕ ಚೆನ್ನಾಗಿ ಕುಲುಕಿದರೆ ಮಾತ್ರ ನಿಜ. ಪ್ರತಿ ಸಲ, ಗಸಿ ಪೂರ್ತಿ ಕದಡುವವರೆಗೆ ಕುಲುಕಬೇಕು. ಈಗ ಉಳಿದಿರುವುದರಲ್ಲಿ ಪುಡಿ ಜಾಸ್ತಿ, ನೀರು ಕಡಿಮೆ. ಅಳತೆ ಸರಿ ಬರುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೀಗಾಯಿತು ಅಂತ ಹೇಳಿ, ಹೊಸ ಬಾಟಲಿಯಿಂದ ಶುರು ಮಾಡುವುದು ಒಳ್ಳೆಯದು.

ಅಡಿಗೆಮನೆ ಚಮಚ ಬೇಡ. ಒಂದೊಂದು ಚಮಚ ಒಂದೊಂದು ಅಳತೆ. ಜೊತೆಗೆ ಬಂದ ಡ್ರಾಪರ್ ಅಥವಾ ಅಳತೆ ಕಪ್ ಬಳಸಿ. ನೀರು ಬೆರೆಸಬೇಡಿ. ಒಂದು ಡೋಸ್ ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಮುಂದಿನದು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡನ್ನು ಸೇರಿಸಿ ಹಾಕಬಾರದು. ಈ ದ್ರವಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ, ಅಮ್ಮನಿಗೆ ಶುಗರ್ ಇರುವುದರಿಂದ ಲೇಬಲ್ ನೋಡಿ ಡಾಕ್ಟರಿಗೆ ಒಂದು ಮಾತು ಹೇಳಿ.

ಇದನ್ನು ಹೊಸ ಔಷಧಿ ಅಂತ ಹೆದರುವವರು ಇರುತ್ತಾರೆ. 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅನ್ನುವ ಇಬ್ಬರು ಹೆಂಗಸರು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಇದನ್ನು ಕಂಡುಹಿಡಿದರು. ನ್ಯೂಯಾರ್ಕ್ ಸ್ಟೇಟ್‌ನ ಪ್ರಯೋಗಾಲಯದಲ್ಲಿ ಸಿಕ್ಕಿದ್ದಕ್ಕೇ ನಿಸ್ಟಾಟಿನ್ ಅಂತ ಹೆಸರು. ಎಪ್ಪತ್ತು ವರ್ಷ ದಾಟಿತು, ಇವತ್ತಿಗೂ ಬರೆದುಕೊಡುತ್ತಾರೆ.

ಚೆಂಬೂರಿನಿಂದ:

ನನಗೇ ಇನ್ಹೇಲರ್‌ನಿಂದ ಎರಡು ಸಲ ಬಂದಿತ್ತು. ಸ್ಟಿರಾಯ್ಡ್ ಇರುವ ಇನ್ಹೇಲರ್ ಆದರೆ ಪುಡಿ ಬಾಯಲ್ಲಿ ಉಳಿದು ಫಂಗಸ್‌ಗೆ ಜಾಗ ಮಾಡಿಕೊಡುತ್ತದೆ. ಎಳೆದ ತಕ್ಷಣ ಬಾಯಿ ಮುಕ್ಕಳಿಸಿ, ಗಂಟಲಲ್ಲಿ ಗಳಗಳ ಮಾಡಿ ಉಗುಳಬೇಕು. ಪಂಪ್ ಥರದ ಇನ್ಹೇಲರ್ ಆದರೆ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಹಾಕುವ ಕೊಳವೆ) ಹಾಕಿಕೊಳ್ಳಬಹುದಾ ಅಂತ ಕೇಳಿ. ದಯವಿಟ್ಟು ಇನ್ಹೇಲರ್ ನಿಲ್ಲಿಸಬೇಡಿ. ನಾನು ಹೆದರಿ ನಾಲ್ಕು ದಿನ ನಿಲ್ಲಿಸಿ ರಾತ್ರಿ ಉಸಿರು ಸಿಗದೆ ಒದ್ದಾಡಿದ್ದೇನೆ. ಅಮ್ಮನ ಶುಗರ್ ಕೂಡ ಒಮ್ಮೆ ನೋಡಿಸಿ, ಅದು ಏರಿದ್ದರೆ ಥ್ರಶ್ ಮತ್ತೆ ಮತ್ತೆ ಬರುತ್ತದೆ.

ಪಿಂಪ್ರಿಯಿಂದ:

ಕಟ್ಟಿಸಿದ ಹಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ಫಂಗಸ್ ಸೆಟ್‌ಗೂ ಅಂಟಿಕೊಂಡಿರುತ್ತದೆ. ಬಾಯಿಗೆ ಔಷಧಿ ಹಾಕಿ, ಅದೇ ಸೆಟ್ ಮತ್ತೆ ಕೂರಿಸಿದರೆ ಏನು ಪ್ರಯೋಜನ? ಪ್ರತಿ ಡೋಸ್‌ಗೂ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಅಂಗುಳಕ್ಕೆ ಔಷಧಿ ತಾಗುವುದೇ ಇಲ್ಲ. ರಾತ್ರಿ ತೆಗೆದು, ಬ್ರಷ್‌ನಿಂದ ಉಜ್ಜಿ, ಹಲ್ಲಿನ ಡಾಕ್ಟರ್ ಹೇಳಿದ ದ್ರಾವಣದಲ್ಲಿ ನೆನೆಸಿಡಿ. ನಮ್ಮ ಅತ್ತೆಗೆ ಸೆಟ್ ಇಲ್ಲದೆ ಮಲಗಲು ನಾಚಿಕೆ. ಪಾಪ, ಮೊಮ್ಮಕ್ಕಳು ನೋಡುತ್ತಾರೆ ಅಂತ. ಮುಚ್ಚಳ ಇರುವ ಚಿಕ್ಕ ಸ್ಟೀಲ್ ಡಬ್ಬಿ ತಂದು ಅವರ ಮಂಚದ ಪಕ್ಕದಲ್ಲೇ ಇಟ್ಟೆವು, ಆಮೇಲೆ ಒಪ್ಪಿದರು.

ಇನ್ನೊಂದು. ಬಾಯಿ ಸ್ವಚ್ಛ ಇರಲಿ ಅಂತ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ಕೊಡುತ್ತಿದ್ದೆ. ಅದೂ ನಿಸ್ಟಾಟಿನ್ನೂ ಒಟ್ಟಿಗೆ ಸೇರಿದರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತದಂತೆ. ಕನಿಷ್ಠ ಅರ್ಧ ಗಂಟೆ ಅಂತರ ಇಡಿ ಅಂತ ಹಲ್ಲಿನ ಡಾಕ್ಟರ್ ಹೇಳಿದರು. ಹಳೆಯ ಟೂತ್‌ಬ್ರಷ್ ಬಿಸಾಡಿ.

ವಾಸ್ಕೊದಿಂದ:

ನಮ್ಮದು ಎರಡು ತಿಂಗಳ ಕೂಸಿನ ಕಥೆ. ನಿಮಗೆ ನೇರವಾಗಿ ಬೇಡದಿರಬಹುದು, ಆದರೆ ಓದುವ ತಾಯಂದಿರಿಗೆ ಬೇಕಾಗುತ್ತದೆ.

ಹಾಲು ಕುಡಿದ ಬಿಳಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇದು ಹೋಗಲಿಲ್ಲ. ಸ್ವಲ್ಪ ಜೋರಾಗಿ ಒರೆಸಿದ್ದಕ್ಕೆ ಕೆಳಗೆ ಕೆಂಪಗೆ ಕಂಡು, ಒಂದು ಚೂರು ರಕ್ತ ಬಂತು. ಮಗು ಮೊಲೆ ಹಿಡಿದು ಬಿಟ್ಟು ಅಳುತ್ತಿತ್ತು. ಗದಗದಿಂದ ಬಂದಿದ್ದ ಅಜ್ಜಿ ಜೇನುತುಪ್ಪದಲ್ಲಿ ಬಿಳಿಗಾರ ಕಲಸಿ ಹಚ್ಚೋಣ ಅಂದರು. ಅವರ ಕಾಲದಲ್ಲಿ ಹಚ್ಚುತ್ತಿದ್ದರಂತೆ. ಮಕ್ಕಳ ಡಾಕ್ಟರ್ ಎರಡೂ ಬೇಡವೇ ಬೇಡ ಅಂದರು. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಕೊಡಬಾರದು, ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಬಿಳಿಗಾರ ಮಗುವಿಗೆ ವಿಷ. ಅಜ್ಜಿಗೆ ಬೇಜಾರಾಗದ ಹಾಗೆ ಡಾಕ್ಟರೇ ಕೂರಿಸಿ ತಿಳಿಸಿದರು, ಅದು ನನಗೆ ದೊಡ್ಡ ಉಪಕಾರ.

ನಮಗೆ ಬರೆದಿದ್ದು 2 ಮಿ.ಲೀ., ನಾಲ್ಕು ಸಲ. ಒಂದು ಕೆನ್ನೆಗೆ 1, ಇನ್ನೊಂದು ಕೆನ್ನೆಗೆ 1. ಡ್ರಾಪರ್ ತುದಿಯನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು, ಹನಿ ಹನಿಯಾಗಿ ಬಿಡಬೇಕು. ಗಂಟಲಿಗೆ ನೇರ ಹಾಕಿದರೆ ನೆತ್ತಿಗೇರುತ್ತದೆ. ನಾನು ಮೊದಲು ಹಾಲಿನ ಜೊತೆ ಒಳಲೆಯಲ್ಲಿ ಹಾಕಿ ಕುಡಿಸುತ್ತಿದ್ದೆ. ಸುಲಭ ಅನಿಸಿತ್ತು. ಆದರೆ ಹಾಲಿನ ಜೊತೆ ಔಷಧಿ ಸೀದಾ ಹೊಟ್ಟೆಗೆ ಹೋಗುತ್ತಿತ್ತು, ಬಿಳಿ ಇದ್ದ ಕಡೆ ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ಹಾಲು ಕುಡಿಸಿದ ನಂತರ ಔಷಧಿ ಹಾಕಿ, ಐದು ಹತ್ತು ನಿಮಿಷ ಏನೂ ಕೊಡದೆ ಎತ್ತಿಕೊಂಡು ಬಾಲ್ಕನಿಯಲ್ಲಿ ಓಡಾಡುತ್ತಿದ್ದೆ.

ನನ್ನ ಮೊಲೆತೊಟ್ಟೂ ಕೆಂಪಾಗಿ ಸೂಜಿ ಚುಚ್ಚಿದ ಹಾಗೆ ನೋಯುತ್ತಿತ್ತು. ಅದು ಹಾಲು ಕುಡಿಸುವಾಗ ಎಲ್ಲರಿಗೂ ಆಗುತ್ತದೆ ಅಂತ ಸಹಿಸಿಕೊಂಡಿದ್ದೆ. ನನಗೂ ಬೇರೆ ಕ್ರೀಮ್ ಕೊಟ್ಟರು. ತಾಯಿ ಮಗು ಇಬ್ಬರಿಗೂ ಒಟ್ಟಿಗೆ ಮಾಡದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಬಾಟಲಿಯ ನಿಪ್ಪಲ್, ಡ್ರಾಪರ್, ಬಾಯಿಗೆ ಹಾಕುವ ಆಟಿಕೆ ಎಲ್ಲವನ್ನೂ ದಿನಾ ಬಿಸಿನೀರಿನಲ್ಲಿ ತೊಳೆದೆ, ಕುದಿಸಬಹುದಾದ್ದನ್ನು ಕುದಿಸಿದೆ.

ಹಡಪ್ಸರ್‌ನಿಂದ:

ಡಾಕ್ಟರ್ ನೋಡಿಯೇ ಔಷಧಿ ಕೊಟ್ಟಿದ್ದಾರೆ, ಒಳ್ಳೆಯದು. ನೋಡಿಸದೆ ಅಂಗಡಿಯಿಂದ ತರುವವರಿಗೆ ಈ ಮಾತು. ನಮ್ಮ ಕಡೆ ಕೆಲಸಕ್ಕೆ ಬರುವ ಕಲಬುರಗಿಯ ಹೆಣ್ಣುಮಗಳಿಗೆ ಕೆನ್ನೆಯ ಒಳಗೆ ಬಿಳಿ ಕಲೆ ಇತ್ತು. ಇಲ್ಲಿಗೆ ಬಂದ ಮೇಲೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲಿಗೆ ತಿಕ್ಕುವುದು ಕಲಿತಿದ್ದಳು. ಥ್ರಶ್ ಅಂತ ಯಾರೋ ಕೊಟ್ಟ ಔಷಧಿ ಒಂದು ತಿಂಗಳು ಹಚ್ಚಿದಳು. ಆ ಕಲೆ ಕೆರೆದರೂ ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ, ಇದು ಫಂಗಸ್ ಅಲ್ಲ, ತಂಬಾಕಿನಿಂದ ಬಂದದ್ದು, ಪರೀಕ್ಷೆ ಆಗಬೇಕು ಅಂತ ಕಳಿಸಿದರು. ಬೇಗ ಹೋದದ್ದು ಒಳ್ಳೆಯದಾಯಿತು, ಈಗ ಮಿಶ್ರಿ ಬಿಟ್ಟಿದ್ದಾಳೆ. ಮಿಶ್ರಿ, ಗುಟ್ಕಾ, ತಂಬಾಕು ಇರುವ ಬಾಯಲ್ಲಿ ಬಿಳಿ ಕಂಡರೆ ಸುಮ್ನೆ ಔಷಧಿ ಹಚ್ಚುತ್ತಾ ಕೂರಬೇಡಿ.

ಘಾಟ್ಕೋಪರ್‌ನಿಂದ:

ಅಂಗಡಿಯವರು ನಿಸ್ಟಾಟಿನ್ ಇಲ್ಲ, ಇದೂ ಅದೇ ಅಂತ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಕೊಟ್ಟರೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಅದೂ ಒಳ್ಳೆಯ ಔಷಧಿಯೇ, ಅಪ್ಪನಿಗೆ ಅದರಿಂದಲೇ ವಾಸಿಯಾಯಿತು. ಆದರೆ ಅದನ್ನು ಹತ್ತಿಯಿಂದ ಬಿಳಿ ಇರುವ ಕಡೆ ಸವರಬೇಕು. ಬಾಯಿ ತುಂಬಾ ಹಾಕಿ ಮುಕ್ಕಳಿಸುವುದಲ್ಲ. ಅಪ್ಪ ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆಯವರು ಫಂಗಸ್‌ಗೆ ನುಂಗುವ ಫ್ಲುಕೊನಜೋಲ್ ಮಾತ್ರೆ ತಂದುಕೊಟ್ಟಿದ್ದರು, ಒಂದೇ ಮಾತ್ರೆಗೆ ಮುಗಿಯುತ್ತದೆ ಅಂತ. ಪುಣ್ಯ, ಕೇಳಿ ಕೊಟ್ಟೆ. ಅವೆರಡೂ ಸೇರಿದರೆ ರಕ್ತಸ್ರಾವ ಆಗಬಹುದಂತೆ.

ಡೊಂಬಿವಲಿಯಿಂದ ಕೇಳಿದವರು, ಒಂದು ವಾರದ ನಂತರ:

ಎಲ್ಲರಿಗೂ ಹೇಗೆ ಹೇಳಲಿ. ಮರುದಿನವೇ ಡಾಕ್ಟರಿಗೆ ಫೋನ್ ಮಾಡಿದೆ. ಹೊಸ ಬಾಟಲಿ ತಂದೆವು. ಮಧ್ಯಾಹ್ನದ ಎರಡು ಡೋಸ್‌ಗೆ ಪಕ್ಕದ ಮನೆಯವರು ಬಂದು ಬಾಟಲಿ ಕುಲುಕಿ, ಮುಚ್ಚಳ ತೆಗೆದುಕೊಡುತ್ತಾರೆ. ಬೆಳಿಗ್ಗೆ ರಾತ್ರಿ ನಾನು ಎದುರಿಗೆ ಕೂರುತ್ತೇನೆ. ಸೆಟ್ ತೆಗೆದಿಡಲು ನಾವೂ ಒಂದು ಸ್ಟೀಲ್ ಡಬ್ಬಿ ತಂದೆವು. ಇನ್ಹೇಲರ್ ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟಿದ್ದೇನೆ, ಅದು ಕಂಡರೆ ಮುಕ್ಕಳಿಸುವುದು ನೆನಪಾಗುತ್ತದೆ.

ನಾಲ್ಕನೇ ದಿನಕ್ಕೆ ಕೆನ್ನೆಯ ಬಿಳಿ ಹೋಯಿತು. ನಿನ್ನೆ ನಾಲಿಗೆಯೂ ಪೂರ್ತಿ ಕೆಂಪಾಗಿದೆ. ಅಮ್ಮ ಇನ್ನು ಸಾಕು ಅಂದರು. ಡಾಕ್ಟರನ್ನು ಕೇಳಿದೆ. ಬಿಳಿ ಹೋದ ಮೇಲೂ ಕನಿಷ್ಠ 48 ಗಂಟೆ ಹಾಕಲೇಬೇಕು, ಮಧ್ಯದಲ್ಲಿ ಬಿಟ್ಟರೆ ತಿರುಗಿ ಬರುತ್ತದೆ ಅಂದರು. ನುಂಗುವಾಗ ಎದೆಯಲ್ಲಿ ನೋವು, ಸಿಕ್ಕಿಹಾಕಿಕೊಂಡ ಹಾಗೆ ಆಗುವುದು, ಜ್ವರ ಏನಾದರೂ ಇದ್ದರೆ ಕಾಯದೆ ಬನ್ನಿ ಅಂತಲೂ ಹೇಳಿದ್ದಾರೆ. ಸದ್ಯ ಯಾವುದೂ ಇಲ್ಲ. ಶುಗರ್ ಮಾತ್ರ ಜಾಸ್ತಿ ಬಂದಿದೆ, ಅದಕ್ಕೆ ಶನಿವಾರ ಹೋಗುತ್ತಿದ್ದೇವೆ.

ಇವತ್ತು ರಾತ್ರಿ ಅಮ್ಮ ಜೋಳದ ರೊಟ್ಟಿ ಕೇಳಿದರು. ಬದನೆಕಾಯಿ ಎಣ್ಣೆಗಾಯಿಗೆ ಖಾರ ಕಡಿಮೆ ಹಾಕಿ ಮಾಡಿದೆ, ಒಂದೂವರೆ ರೊಟ್ಟಿ ತಿಂದರು. ಕೊನೆಯ ಡೋಸ್ ನಾಳೆ ರಾತ್ರಿಗೆ.