ಕಲ್ಲಿನಲ್ಲಿ ಹುಳುವಿನ ಜಾಡು: ಅಲ್ಲಿದ್ದದ್ದು ಕೆರೆಯೋ, ಕಡಲೋ? (ಪ್ರಶ್ನೋತ್ತರ)

ಶಿಕ್ಷಕಿ, ಯಾದಗಿರಿ: ನಮಸ್ಕಾರ ಸರ್. ಗುರುಮಠಕಲ್ ಸಮೀಪದ ದಿಬ್ಬವೊಂದರಲ್ಲಿ, ಎರಡು ಬಸಾಲ್ಟ್ (ಲಾವಾ ಆರಿ ಆದ ಕಲ್ಲು) ಪದರಗಳ ನಡುವೆ ತೆಳುವಾದ ಜೇಡಿಕಲ್ಲು ಕಾಣುತ್ತದೆ. ಅದರ ಕೆಳಭಾಗದಲ್ಲಿ ದಾರದಷ್ಟು ಸಣ್ಣ, ಅಲೆಯಲೆಯಾದ ಗೆರೆಗಳಿವೆ. ಮೇಲ್ಭಾಗದಲ್ಲಿ ಕಿರುಬೆರಳು ದಪ್ಪದ ಕೊಳವೆಗಳಿದ್ದು, ಒಳಗೆ ಕಮಾನಿನಾಕಾರದ ಪದರಗಳು ಒಂದರ ಹಿಂದೊಂದು ಕುಳಿತಿವೆ. ಚಿತ್ರಗಳನ್ನು ಹಾಕಿದ್ದೇನೆ. ಇಲ್ಲಿ ಕೆರೆಯಿತ್ತೇ?

ಭೂವಿಜ್ಞಾನಿ: ಮೇಡಂ, ಈ ಎರಡು ಬಗೆಯ ಜಾಡುಗಳು ಬೇರೆ ಬೇರೆ ಮಟ್ಟದಲ್ಲಿರುವುದೇ ನನ್ನ ಕುತೂಹಲಕ್ಕೆ ಕಾರಣ. ಕೆಳಗಿನ ಗೆರೆಗಳು ಕಾಕ್ಲಿಕ್ನಸ್ ಎಂಬ ಜಾಡನ್ನು ಹೋಲುತ್ತವೆ. ಇಂಥವನ್ನು ದುಂಡುಹುಳುಗಳೋ ಕೀಟಗಳ ಮರಿಹುಳುಗಳೋ ಮೆತ್ತನೆಯ ಕೆಸರಿನ ಮೇಲೆ ಹರಿದಾಡುವಾಗ ಬಿಡುತ್ತವೆ. ಸದಾ ನೀರಿನಡಿಯಲ್ಲಿದ್ದ ಸಿಹಿನೀರಿನ ತಳದ ಇಂತಹ ಜಾಡುಗಳ ಸಮೂಹಕ್ಕೆ ಪಳೆಯುಳಿಕೆ ಜಾಡುಗಳ ತಜ್ಞರಾದ ಬ್ವಾಟೋಯಿಸ್ ಮತ್ತು ಮಾಂಗಾನೊ 1995ರಲ್ಲಿ 'ಮರ್ಮಿಯಾ' ಎಂಬ ಹೆಸರಿಟ್ಟರು. ಮೇಲಿನ ಕೊಳವೆಗಳ ಕಮಾನುಗಳು, ಪ್ರಾಣಿಯು ಮುಂದೆ ಸಾಗುತ್ತ ಹಿಂದೆ ಮಣ್ಣು ತುಂಬುತ್ತ ಹೋದುದರ ಗುರುತು. ಗೋಡೆಯ ಮೇಲೆ ಪರಚಿದ ಸಣ್ಣ ಗೀರುಗಳೂ ಇದ್ದರೆ, ಅಗೆಯುವಾಗ ಮಣ್ಣು ಗಟ್ಟಿಯಾಗುತ್ತಿತ್ತೆಂದು ಊಹಿಸಬಹುದು. ಅದು ಆಗಾಗ ಒಣಗುವ ಕೆರೆಯಂಚಿನ 'ಸ್ಕೊಯೇನಿಯಾ' ಸಮೂಹದ ಲಕ್ಷಣ. ಹಾಗಿದ್ದರೆ ನೀರು ಕ್ರಮೇಣ ಹಿಂದೆ ಸರಿದಿದೆ. ದಖನ್ ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಂತಹ ಕೆರೆಗಳು ಇದ್ದವು. ಆದರೆ ಆ ಕೊಳವೆಗಳು ಇಂದಿನ ಗೆದ್ದಲಿನದೋ ಬೇರಿನದೋ ಆಗಿರಬಹುದು. ಕಲ್ಲನ್ನು ಕೀಳದೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಒಡೆದ ಅಡ್ಡಮುಖದ ಚಿತ್ರ ಕಳಿಸಿ; ಕೆಸರು ಬಿರಿದ ಗುರುತುಗಳು ಯಾವ ಮಟ್ಟದಲ್ಲಿವೆ ಎಂಬುದನ್ನೂ ಬರೆಯಿರಿ.

ಸದಸ್ಯರು, ಕಲಬುರಗಿ: ನಮ್ಮ ಅಂಗಳದ ಶಹಾಬಾದ್ ಕಲ್ಲಿನಲ್ಲಿ ಜರೀಗಿಡದ ಚಿತ್ರವಿದೆ. ಇದೂ ಕೆರೆಯದೇ?

ಭೂವಿಜ್ಞಾನಿ: ಅಲ್ಲ. ಮ್ಯಾಂಗನೀಸ್ ಖನಿಜದ ಕವಲುಗಳು. ಪಳೆಯುಳಿಕೆಯೇ ಅಲ್ಲ.

ಸದಸ್ಯರು, ಬೀದರ್: ನನ್ನ ಕಲ್ಲಿನಲ್ಲೂ ಗಿಡದ ಚಿತ್ರವಿದೆ, ನೋಡಿ ಸರ್.

ಭೂವಿಜ್ಞಾನಿ: ಮೇಲೆ ಓದಿ.

ಸದಸ್ಯರು, ರಾಯಚೂರು: ಫಾರ್ವರ್ಡ್ ಬಂದಿದೆ: ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದಾಗ ನೊರೆ ಬಂದರೆ ಅದು ಕೆರೆಯ ಕಲ್ಲು, ಆಮೇಲೆ ಬ್ಲೀಚಿಂಗ್ ಪುಡಿಯಿಂದ ಉಜ್ಜಬೇಕಂತೆ.

ಭೂವಿಜ್ಞಾನಿ: ದಯವಿಟ್ಟು ಯಾರೂ ಮಾಡಬೇಡಿ. ನೊರೆಯಿಂದ ಸುಣ್ಣವಿದೆ ಎಂದಷ್ಟೇ ತಿಳಿಯುತ್ತದೆ. ಸಮುದ್ರದ ಸುಣ್ಣಕಲ್ಲೂ ನೊರೆಯುತ್ತದೆ. ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಜಾಡಂತೂ ಅಳಿದೇ ಹೋಗುತ್ತದೆ. ಇಂಥದ್ದನ್ನು ಹಂಚುವ ಮುನ್ನ ಒಂದು ನಿಮಿಷ ಯೋಚಿಸಬಾರದೇ?

ಸದಸ್ಯರು, ಬೆಂಗಳೂರು: ಕಾಕ್ಲಿಕ್ನಸ್ ಸಮುದ್ರದ ಶಿಲೆಯಲ್ಲೂ ಸಿಗುತ್ತದೆ. ಹೆಸರು ಹೇಳಿ ಕೆರೆ ಎನ್ನುವುದು ಅವಸರದ ಮಾತು.

ಸದಸ್ಯರು, ಧಾರವಾಡ: ಅವರು ಒಂದೇ ಜಾಡಿನಿಂದ ತೀರ್ಮಾನಿಸಿಲ್ಲ. ಸಮೂಹ ಎಂದಿದ್ದಾರೆ, ಓದಿದ್ದೀರಾ?

ಸದಸ್ಯರು, ಬೆಂಗಳೂರು: ಓದುವುದನ್ನು ತಮ್ಮಿಂದ ಕಲಿಯಬೇಕಿಲ್ಲ. ನದೀಮುಖದ ಸಿಹಿನೀರಿನ ಉಬ್ಬರವಿಳಿತದ ಬಯಲಿನಲ್ಲೂ ಮರ್ಮಿಯಾ ಬಗೆಯ ಸಮೂಹ ವರದಿಯಾಗಿದೆ.

ಸದಸ್ಯರು, ಧಾರವಾಡ: ಲಾವಾದ ನಡುವೆ ಉಬ್ಬರವಿಳಿತ ತರುತ್ತೀರಾ?

ಸದಸ್ಯರು, ಹಾಸನ: ಇಂತಹ ಕಲ್ಲಿಗೆ ಬೆಲೆ ಎಷ್ಟು ಬರಬಹುದು?

ಭೂವಿಜ್ಞಾನಿ: ಬೆಂಗಳೂರಿನವರ ಆಕ್ಷೇಪದಲ್ಲಿ ಹುರುಳಿದೆ, ಧಾಟಿಯಲ್ಲಿ ಇಲ್ಲ. ಅದಕ್ಕಾಗಿಯೇ ಜಾಡಿನ ಜೊತೆಗೆ ಆಸ್ಟ್ರಕಾಡ್ ಎಂಬ ಕಿರು ಜಲಚರದ ಚಿಪ್ಪು, ಕಾರಾ ಎಂಬ ಪಾಚಿಯ ಬೀಜದಂತಹ ಕಾಯಿ, ಬಿರುಕು ಎಲ್ಲವನ್ನೂ ನೋಡಬೇಕು. ಇಬ್ಬರೂ ಇನ್ನು ಬೇರೆಡೆ ಜಗಳವಾಡಿ. ಮೇಡಂ, ಆ ಅಡ್ಡಮುಖದ ಚಿತ್ರ?