ಕುವೆಂಪು ಪುಟದಲ್ಲಿ ಒಂದು ಪ್ಯಾರಾ ಮಾಯ, ಜೊತೆಗೆ ಹುಟ್ಟೂರಿನ ತಕರಾರು

ತುಂಗಾತೀರ (ತೀರ್ಥಹಳ್ಳಿ):
ನಮಸ್ಕಾರ. ನಾವು ಮೂವರು ಗೆಳೆಯರು ಭಾನುವಾರ ಕೂತು ಕನ್ನಡ ವಿಕಿಪೀಡಿಯದ ಕುವೆಂಪು ಲೇಖನ ತಿದ್ದುತ್ತಿದ್ದೆವು. ಒಂದು ವಾಕ್ಯಕ್ಕೆ ಉಲ್ಲೇಖ ಸೇರಿಸಿ ಪ್ರಕಟಿಸಿದೆ. ನೋಡಿದರೆ ಅದರ ಕೆಳಗಿದ್ದ ಮೈಸೂರಿನ ಓದಿನ ಪ್ಯಾರಾ ಇಲ್ಲ! ಆ ಜಾಗದಲ್ಲಿ ಕೆಂಪು ಅಕ್ಷರದ ಒಂದು ಸಾಲು. ಆ ಪ್ಯಾರಾ ನಾನು ಮುಟ್ಟೇ ಇಲ್ಲ.

ಇನ್ನೊಂದು ಬೇಜಾರು. ಹುಟ್ಟಿದ ಊರು ಹಿರೇಕೊಡಿಗೆ ಅಂತ ಇತ್ತು. ಚಿಕ್ಕಂದಿನಿಂದ ಕುಪ್ಪಳಿಯ ಕವಿಮನೆ ನೋಡಿಕೊಂಡು ಬೆಳೆದವರು ನಾವು. ಕುಪ್ಪಳಿ ಅಂತ ಬದಲಿಸಿದೆ. ಯಾರೋ ಹಳೆಯದನ್ನೇ ತಂದು ಕೂರಿಸಿದರು. ಎರಡು ಸಲ ಹೀಗಾಯಿತು.

ಕಾಡುಮಲ್ಲಿಗೆ (ಸಾಗರ):
ಪ್ಯಾರಾ ಎಲ್ಲೂ ಹೋಗಿಲ್ಲ ಮಾರಾಯ್ರೆ. ಉಲ್ಲೇಖದ ಹಿಂದೆ ಮುಂದೆ ಹಾಕುವ ಗುರುತು, ಅಂದರೆ ರೆಫ್ ಟ್ಯಾಗ್, ಮುಚ್ಚುವಾಗ ಓರೆಗೆರೆ (/) ಹಾಕುವುದು ಮರೆತಿದ್ದೀರಿ. ಆಗ ಮುಂದೆ ಎಲ್ಲಿ ಮುಚ್ಚುವ ಟ್ಯಾಗ್ ಸಿಗುತ್ತದೋ ಅಲ್ಲಿವರೆಗಿನದೆಲ್ಲ ಅಡಿಟಿಪ್ಪಣಿ ಅಂತಲೇ ವಿಕಿಪೀಡಿಯ ತಿಳಿಯುತ್ತದೆ. ಪ್ಯಾರಾ ಅದರ ಹೊಟ್ಟೆಯೊಳಗಿದೆ. ಓರೆಗೆರೆ ಹಾಕಿ, ಮುನ್ನೋಟ ನೋಡಿ, ಆಮೇಲೆ ಪ್ರಕಟಿಸಿ. ಹಾಗೂ ಸರಿಯಾಗದಿದ್ದರೆ ‘ಇತಿಹಾಸ’ದಲ್ಲಿ ಹಳೆಯ ಆವೃತ್ತಿಗಳೆಲ್ಲ ಇರುತ್ತವೆ, ಹೆದರಬೇಡಿ.

ಹುಟ್ಟೂರಿನ ವಿಷಯದಲ್ಲಿ ಮಾತ್ರ ವಾಪಸ್ ಮಾಡಿದವರದೇ ಸರಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲೂಕು, ಚಿಕ್ಕಮಗಳೂರು ಜಿಲ್ಲೆ. ಬೆಳೆದದ್ದು ಕುಪ್ಪಳಿಯಲ್ಲಿ. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ, ಅಲ್ವಾ? ಹಾಗಾಗಿ ಲೇಖಕರ ಪುಟಗಳಲ್ಲಿ ಈ ಗೊಂದಲ ಜಾಸ್ತಿ. ಹುಟ್ಟಿದ ಊರು ಹಾಗೇ ಇರಲಿ. ‘ಬಾಲ್ಯ’ ವಿಭಾಗದಲ್ಲಿ ಕುಪ್ಪಳಿ ಬಗ್ಗೆ ಚೆನ್ನಾಗಿ ಬರೆಯಿರಿ. ‘ನಮ್ಮೂರು, ನನಗೆ ಗೊತ್ತು’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಪುಸ್ತಕದ ಹೆಸರು, ಪುಟ ಸಂಖ್ಯೆ ಕೊಡಬೇಕು. ಮೂರನೇ ಸಲ ಬದಲಿಸಲು ಹೋಗಬೇಡಿ. ಸಂಶಯ ಇದ್ದರೆ ಲೇಖನದ ಚರ್ಚೆ ಪುಟದಲ್ಲಿ ಕೇಳಿ. ಅಲ್ಲೂ ಬಗೆಹರಿಯದಿದ್ದರೆ ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ ಪುಟ, ಅರಳಿಕಟ್ಟೆ, ಇದ್ದೇ ಇದೆ.

ತುಂಗಾತೀರ:
ಓರೆಗೆರೆಯೇ! ಹಾಕಿದೆ, ಪ್ಯಾರಾ ಬಂತು. ಆದರೆ ಈಗ ಮೂವರೂ ಒಟ್ಟಿಗೆ ತಿದ್ದಿದರೆ ಒಬ್ಬರದು ಮಾತ್ರ ಉಳಿಯುತ್ತದೆ. ಉಳಿದಿಬ್ಬರಿಗೆ ‘ಸಂಘರ್ಷ’ ಅಂತ ಬರುತ್ತದೆ.

ಮಳೆಗಾಲ (ಹೊಸನಗರ):
ಇಡೀ ಪುಟ ತೆರೆಯಬೇಡಿ. ಪ್ರತಿ ವಿಭಾಗದ ಪಕ್ಕದಲ್ಲೇ ‘ಸಂಪಾದಿಸಿ’ ಇದೆಯಲ್ಲ, ಅದನ್ನು ಒತ್ತಿ. ಒಬ್ಬರು ಬಾಲ್ಯ, ಒಬ್ಬರು ಕೃತಿಗಳು, ಒಬ್ಬರು ಪ್ರಶಸ್ತಿಗಳು ಅಂತ ಹಂಚಿಕೊಳ್ಳಿ. ಉದ್ದ ಬರಹವಾದರೆ ನಿಮ್ಮ ಪ್ರಯೋಗಪುಟದಲ್ಲಿ (ಕರಡು ಬರೆಯುವ ಪುಟ) ಬರೆದು ತಂದು ಹಾಕಿ. ನಮ್ಮಲ್ಲಿ ಮಳೆ ಬಂದರೆ ಕರೆಂಟ್ ಹೋಗುವುದು ಗ್ಯಾರಂಟಿ, ಆಗಾಗ ಪ್ರಕಟಿಸುತ್ತಿರಿ.

ನಿಮ್ಮ ಗೆಳೆಯರು ಒಂದು ಇಡೀ ಕವನ ಹಾಕಿದ್ದನ್ನೂ ನೋಡಿದೆ. ದಯವಿಟ್ಟು ತೆಗೆಯಿರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಚರ್ಚೆಗೆ ಬೇಕಾದ ಒಂದೆರಡು ಸಾಲು ಸಾಕು. ಕವಿಶೈಲದ ಫೋಟೊ ಬೇಕಿದ್ದರೆ ನೀವೇ ತೆಗೆದದ್ದನ್ನು ವಿಕಿಯ ಚಿತ್ರಸಂಗ್ರಹ ಕಾಮನ್ಸ್‌ಗೆ ಹಾಕಿ, ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು ಬೇಡ.

ತುಂಗಾತೀರ:
ಕವನ ತೆಗೆದಾಯಿತು. ಗೆಳೆಯ ಮುಖ ಊದಿಸಿಕೊಂಡಿದ್ದಾನೆ. ಮುಂದಿನ ಭಾನುವಾರ ಅನಂತಮೂರ್ತಿ ಪುಟ. ಅವರು ಹುಟ್ಟಿದ್ದು ಮೇಳಿಗೆ, ನಮ್ಮ ತಾಲೂಕೇ. ಇದಕ್ಕಾದರೂ ತಕರಾರಿಲ್ಲ ಅಲ್ವಾ?

ಕಾಡುಮಲ್ಲಿಗೆ:
ಇಲ್ಲ. ಪುಟ ಸಂಖ್ಯೆ ತನ್ನಿ.